ಭರವಸೆ ಮೇಡಂ ಬರೆದ ಆ ಒಂದು ಸಾಲು

"ತಗೊಳ್ಳಲ್ಲ!"

ಅವಳು ಪತ್ರವನ್ನು ಮೇಜಿನ ಆಚೆ ತುದಿಗೆ ತಳ್ಳಿದಳು.

"ಮೇಡಂ, ಬಂತು ಅಂತ ಒಂದು ಸೀಲು ಹಾಕಿ ಕೊಡಿ, ಸಾಕು..."

"ಏಳನೇ ಸಲ! ಗಡುವು ಮುಂದಕ್ಕೆ ಹಾಕಿ ಅಂತ ನಿಮ್ಮ ಇಲಾಖೆ ಏಳನೇ ಸಲ ಕೇಳ್ತಿದೆ. ಸದನದಲ್ಲಿ ಎದ್ದು ನಿಂತು ಮಾತು ಕೊಡೋವಾಗ ನಿಮ್ಮ ಮಂತ್ರಿಗಳಿಗೆ ನಾಲಿಗೆ ಇತ್ತಲ್ಲ? ಈಗೆಲ್ಲಿ ಹೋಯ್ತು?"

ಎದುರಿಗಿದ್ದವನು ಹಣೆಯ ಬೆವರು ಒರೆಸಿಕೊಂಡ. ತೆಳ್ಳಗಿನ ಮೈ, ಜಾರುತ್ತಿದ್ದ ಕನ್ನಡಕ, ಜೇಬಿನ ಮೇಲೆ ಶಾಯಿ ಕಲೆ. ಆಮೇಲೆ ಮೆಲ್ಲಗೆ ಅಂದ:

"ನಾಲಿಗೆ ಅವರದು ಮೇಡಂ. ಕಾಲು ಮಾತ್ರ ನನ್ನದು. ಮೂರು ಮಹಡಿ ಹತ್ತಿ ಬಂದಿದೀನಿ. ಒಂದು ಲೋಟ ನೀರು ಕೊಟ್ಟು ಆಮೇಲೆ ಬೈದಿದ್ರೆ ಚೆನ್ನಾಗಿರ್ತಿತ್ತು."

ಪಕ್ಕದ ಮೇಜಿನ ಟೈಪಿಸ್ಟ್ ಅಕ್ಕ ಕಿಸಕ್ಕನೆ ನಕ್ಕಳು.

ಅವಳಿಗೂ ನಗು ಬಂತು. ತುಟಿ ಕಚ್ಚಿ ಅದುಮಿಕೊಂಡಳು. ನೀರಿನ ಲೋಟ ಮುಂದಿಟ್ಟಳು. ಪತ್ರಕ್ಕೆ ಸೀಲು ಮಾತ್ರ ಹಾಕಲಿಲ್ಲ!

ಶಾಸನಸಭೆಯ ಕಚೇರಿಯಲ್ಲಿ ಅವಳದು ಒಂದು ವಿಚಿತ್ರವಾದ ಕೆಲಸ. ಮಂತ್ರಿಗಳು ಸದನದಲ್ಲಿ 'ಮಾಡುತ್ತೇವೆ' ಅಂದದ್ದನ್ನೆಲ್ಲ ಹೆಕ್ಕಿ, ಒಂದೊಂದಕ್ಕೂ ಫೈಲು ತೆರೆದು, ಆ ಮಾತು ನಡೆಯುವವರೆಗೂ ಇಲಾಖೆಯ ಬೆನ್ನು ಬಿಡಬಾರದು. ಅದಕ್ಕೆ ಭರವಸೆ ಶಾಖೆ ಎಂದು ಹೆಸರು. ಹಾಗಾಗಿ ಕಟ್ಟಡಕ್ಕೆಲ್ಲ ಅವಳು ಭರವಸೆ ಮೇಡಂ. "ಊರಿಗೆಲ್ಲ ಭರವಸೆ ನೀನು. ನಿನ್ನ ಮದುವೆ ವಿಷಯದಲ್ಲಿ ಮಾತ್ರ ನಮಗೆ ಅದೇ ಇಲ್ಲ ನೋಡು" ಎಂದು ಅತ್ತಿಗೆ ಮನೆಯಲ್ಲಿ ಆಗಾಗ ಕುಟುಕುವುದುಂಟು.

ಅವನು ಪರಿಸರ ಇಲಾಖೆಯವನು. ಕಾರ್ಖಾನೆ, ವಿದ್ಯುತ್ ಸ್ಥಾವರ, ವಾಹನ ಎಲ್ಲವೂ ಸೇರಿ ವರ್ಷಕ್ಕೆ ಎಷ್ಟು ಹೊಗೆ ಉಗುಳುತ್ತವೆ ಎಂದು ಅಳೆದು ಬರೆಯುವವನು. ಅವನನ್ನು ಎಲ್ಲರೂ ಹೊಗೆ ಸಾಹೇಬ ಅನ್ನುತ್ತಿದ್ದರು.

ಇವರಿಬ್ಬರ ನಡುವೆ ಬಾಕಿ ನಿಂತಿದ್ದ ಮಾತು ಒಂದೇ. ಮೂರು ವರ್ಷದ ಹಿಂದೆ ಮಂತ್ರಿಗಳು ಮೇಜು ಕುಟ್ಟಿ ಹೇಳಿದ್ದರು: "ಹವಾಮಾನದ ಅಂತಾರಾಷ್ಟ್ರೀಯ ಮಾತುಕತೆಗೆ ಹೋಗುವ ಮುನ್ನ, ನಮ್ಮ ಹೊಗೆಯ ನಿಜವಾದ ಅಂಕಿಯನ್ನು ಈ ಸದನದ ಮುಂದಿಡುತ್ತೇವೆ!" ಆಮೇಲೆ ಎರಡು ಮಾತುಕತೆ ಮುಗಿದವು. ಮೂರನೆಯದು ನಾಲ್ಕು ತಿಂಗಳಲ್ಲಿ ಬರುವುದಿತ್ತು. ಅಂಕಿ ಮಾತ್ರ ಬರಲಿಲ್ಲ.

ಮುಂದಿನ ಮಂಗಳವಾರ ಅವನು ಮತ್ತೆ ಬಂದ. ಅದರ ಮುಂದಿನ ಮಂಗಳವಾರವೂ.

"ಅಂಕಿ ತಯಾರಾಗಿ ವರ್ಷವೇ ಆಯ್ತು ಮೇಡಂ," ಒಂದು ದಿನ ದನಿ ತಗ್ಗಿಸಿ ಅಂದ. "ಕಾರ್ಯದರ್ಶಿಗಳ ಸಹಿ ಇಲ್ಲ."

"ಯಾಕಂತೆ?"

"ಹೊಗೆ ಕಡಿಮೆ ಮಾಡಿದೀವಿ ಅಂತ ಲೋಕಕ್ಕೆಲ್ಲ ಸಾರಿದಾರೆ. ನನ್ನ ಅಂಕಿ ಹೆಚ್ಚಾಗಿದೆ ಅನ್ನುತ್ತೆ."

"ಹಾಗಾದ್ರೆ ನನ್ನ ಕೈಗೆ ಕೊಡಿ!"

"ಸಹಿ ಇಲ್ಲದ ಕಾಗದ ನಿಮ್ಮ ಫೈಲಿಗೆ ಹತ್ತಲ್ಲ. ನನಗಿಂತ ನಿಮಗೇ ಚೆನ್ನಾಗಿ ಗೊತ್ತು." ಕನ್ನಡಕ ಮೇಲೇರಿಸಿ ನಕ್ಕ. "ಬರುತ್ತೆ ಮೇಡಂ. ಎಲ್ಲರಿಗಿಂತ ಮೊದಲು ಇಲ್ಲಿಗೇ ಬರುತ್ತೆ."

ಆ ನಗು... ಅದನ್ನು ಯಾವ ಫೈಲಿಗೆ ಹಾಕುವುದು? ಅವಳು ಸೋಮವಾರ ಸಂಜೆಯೇ ನಾಳೆ ಯಾವ ಬಟ್ಟೆ ಎಂದು ಯೋಚಿಸತೊಡಗಿದಳು. ಬುಧವಾರಗಳು ಉಪ್ಪಿಲ್ಲದ ಊಟದಂತಾದವು. ಮೂವತ್ತೆರಡು ವರ್ಷ ಯಾರಿಗೂ ಬಾಗದ ಮನಸ್ಸು ಒಂದು ಶಾಯಿ ಕಲೆಗೆ ಸೋತಿತ್ತು!

ಒಂದು ಮಂಗಳವಾರ ಧೈರ್ಯ ಮಾಡಿ ಕೇಳಿಯೇಬಿಟ್ಟಳು.

"ಕೆಳಗೆ ಕ್ಯಾಂಟೀನಲ್ಲಿ ಒಂದು ಚಹಾ ಕುಡಿಯೋಣ್ವಾ?"

ಅವನ ಮುಖ ಕೆಂಪಾಯಿತು. "ಈಗ ಬೇಡ ಮೇಡಂ..." ಎಂದವನೇ ಹೊರಟುಹೋದ.

ಅವಮಾನವಾಯಿತು. ಆದರೂ ತಾನೇ ಸಮಾಧಾನ ಹೇಳಿಕೊಂಡಳು: ಸಂಕೋಚದ ಪ್ರಾಣಿ, ಪಾಪ.

ಮರುದಿನ ಮಧ್ಯಾಹ್ನ ಕ್ಯಾಂಟೀನಿನ ಬಾಗಿಲಲ್ಲೇ ಅವಳ ಕಾಲು ನಿಂತಿತು. ಕಿಟಕಿ ಪಕ್ಕದ ಮೇಜಿನಲ್ಲಿ ಹೊಗೆ ಸಾಹೇಬ. ಎದುರಿಗೆ ಕರಿ ಕೋಟಿನ ವಕೀಲೆ! ಮಾತು ಕೊಟ್ಟಂತೆ ಹೊಗೆ ಕಡಿಮೆ ಮಾಡಿಲ್ಲ ಎಂದು ಸರ್ಕಾರದ ಮೇಲೇ ದಾವೆ ಹೂಡಿದ್ದವಳು. ದಿನಾ ಟಿವಿಯಲ್ಲಿ ಬರುವವಳು. ಕತ್ತರಿಸಿದ ಕೂದಲು, ಚಾಚಿದರೆ ಮುಗಿಯದಂಥ ಕಾಲು, ಇಡೀ ಕ್ಯಾಂಟೀನು ತಿರುಗಿ ನೋಡುವಂಥ ನಗು. ವಕೀಲೆ ಅವನ ಮಣಿಕಟ್ಟು ಹಿಡಿದು ಏನೋ ಹೇಳುತ್ತಿದ್ದಳು. ಅವನು ತಲೆ ಅಲ್ಲಾಡಿಸಿ ನಗುತ್ತಿದ್ದ.

ಮೇಜಿನ ಮೇಲೆ ಎರಡು ಲೋಟ ಚಹಾ.

*ನನ್ನ ಜೊತೆ ಈಗ ಬೇಡ... ಇವಳ ಜೊತೆ ಬೇಕು!*

ಆವತ್ತು ಅವಳ ಹೊಟ್ಟೆಯಿಂದ ಎದ್ದ ಹೊಗೆಯನ್ನು ಅಳೆದಿದ್ದರೆ ಊರಾಚೆಯ ಸ್ಥಾವರದ ಚಿಮಣಿ ನಾಚಿ ತಲೆ ತಗ್ಗಿಸುತ್ತಿತ್ತು.

"ನೋಡಿದ್ಯಾ ಜೋಡೀನ?" ಟೈಪಿಸ್ಟ್ ಅಕ್ಕ ಕಿವಿಯ ಬಳಿ ಬಂದಳು. "ದಿನಾ ಹೀಗೇ ಅಂತೆ. ಇವನು ವಿದೇಶದ ಮಾತುಕತೆಗೆ ನಿಯೋಗದ ಜೊತೆ ಹೋಗ್ತಾನಲ್ಲ, ವಾಪಸ್ ಬಂದ ಮೇಲೆ ಮದುವೆ ಅಂತ ಎಲ್ಲರ ಬಾಯಲ್ಲೂ ಅದೇ."

"ನನಗ್ಯಾಕೆ ಹೇಳ್ತೀಯ ಅಕ್ಕಾ? ಆದ್ರೆ ಆಗ್ಲಿ!"

"ಅಯ್ಯೋ, ಅದಕ್ಕೆ ಇಷ್ಟು ಜೋರಾಗಿ ಯಾಕೆ ಹೇಳ್ತೀಯ?"

ಮನೆಯಲ್ಲಿ ಅನ್ನ ಕಲಸುತ್ತಲೇ ಕೂತಳು, ತುತ್ತು ಬಾಯಿಗೆ ಹೋಗಲಿಲ್ಲ. ಅತ್ತಿಗೆ ದಿಟ್ಟಿಸಿದಳು.

"ಯಾರೇ ಅವನು?"

"ಯಾರೂ ಇಲ್ಲ ಅತ್ತಿಗೆ!"

"ಯಾರೂ ಇಲ್ಲದೋನ ಮೇಲೆ ಇಷ್ಟು ಕೋಪಾನಾ? ಅನ್ನ ಏನು ತಪ್ಪು ಮಾಡ್ತು? ಪೇಸ್ಟ್ ಮಾಡ್ತಿದೀಯಲ್ಲ!"

ಅವಳು ಎದ್ದು ಕೈ ತೊಳೆದಳು. ವಕೀಲೆಯಂತೆ ಕೂದಲು ಕತ್ತರಿಸಿದರೆ ತಾನು ಹೇಗೆ ಕಾಣಬಹುದು ಎಂದು ಕನ್ನಡಿಯ ಮುಂದೆ ಜಡೆ ಮಡಚಿ ಹಿಡಿದು ನೋಡಿದಳು. ತನ್ನ ಮೇಲೆ ತನಗೇ ಅಸಹ್ಯವಾಯಿತು. ಅಸಹ್ಯಕ್ಕಿಂತ ಹೊಟ್ಟೆಯುರಿ ದೊಡ್ಡದಿತ್ತು.

ಮರುದಿನ ಬೆಳಿಗ್ಗೆ ಭರವಸೆ ಸಮಿತಿಯ ಸಭೆಗೆ ಟಿಪ್ಪಣಿ ಬರೆಯುವುದಿತ್ತು. ನಿಯೋಗ ವಿಮಾನ ಹತ್ತುವುದಕ್ಕೆ ಒಂಬತ್ತು ದಿನ ಮುಂಚೆ ಆ ಸಭೆ. ಅಂಕಿ ಏಕೆ ಬಂದಿಲ್ಲ ಎಂದು ಶಾಸಕರು ಇಲಾಖೆಯನ್ನು ಕೇಳುವುದು ಅಲ್ಲಿಯೇ. ಸಮಿತಿಯ ಎದುರು ಸಾಮಾನ್ಯವಾಗಿ ಇಲಾಖೆಯ ಕಾರ್ಯದರ್ಶಿ ಒಬ್ಬರೇ ಮಾತಾಡುವುದು. ಕೆಳಗಿನ ಅಧಿಕಾರಿಯ ತಪ್ಪು ಎಂದು ಶಾಖೆಯ ಟಿಪ್ಪಣಿಯಲ್ಲಿದ್ದರೆ ಮಾತ್ರ ಅವನನ್ನು ಕರೆಸುತ್ತಾರೆ.

ಅವಳ ಬೆರಳು ಒಂದು ಕ್ಷಣ ತಡೆಯಿತು. ಕಿಟಕಿಯ ಹೊರಗೆ, ಕೆಳಗಿನ ಮೆಟ್ಟಿಲ ಮೇಲೆ, ವಕೀಲೆಯ ಅದೇ ನಗು ಕೇಳಿಸಿತು.

ಬರೆದಳು: *ವಿಳಂಬಕ್ಕೆ ಸಂಬಂಧಪಟ್ಟ ಅಧಿಕಾರಿಯ ನಿರ್ಲಕ್ಷ್ಯವೇ ಕಾರಣ. ಅವರನ್ನೇ ಖುದ್ದು ಕರೆಸಬಹುದು.*

ಸುಳ್ಳು ಎಂದು ಗೊತ್ತಿತ್ತು. ಆದರೂ ಕಳಿಸಿದಳು!

ಸಭೆಯ ದಿನ ಸಮಿತಿ ಕೊಠಡಿಯ ಹೊರಗೆ ವಕೀಲೆಯೇ ಎದುರಾದಳು.

"ನೀವೇನಾ ಭರವಸೆ ಮೇಡಂ? ಅಬ್ಬ, ಕೊನೆಗೂ ನೋಡಿದೆ! ನಿಮ್ಮ ದೆಸೆಯಿಂದ ನನ್ನ ಕೇಸು ಅರ್ಧಕ್ಕೆ ನಿಂತಿದೆ ಗೊತ್ತಾ?"

"ನನ್ನಿಂದ?"

"ಮತ್ತೆ? ಆ ಹೊಗೆ ಸಾಹೇಬ್ರ ಹಿಂದೆ ನಾಲ್ಕು ತಿಂಗಳಿಂದ ಬಿದ್ದಿದೀನಿ. ಊಟಕ್ಕೆ ಕೂತ್ರೆ ಎದುರಿಗೆ ಹೋಗಿ ಕೂರ್ತೀನಿ, ಚಹಾ ಕುಡಿಸ್ತೀನಿ, ಕೈ ಹಿಡ್ಕೊಂಡು ಬೇಡ್ಕೊಂಡೆ. ಒಂದೇ ಒಂದು ಅಂಕಿ ಕೊಡ್ಲಿಲ್ಲ ರೀ! 'ಅದು ಭರವಸೆ ಮೇಡಂಗೆ ಸೇರಬೇಕಾದ್ದು, ಅವರ ಫೈಲಿಗೆ ಹೋಗದೆ ಬೇರೆ ಯಾರಿಗೂ ಕೊಡಲ್ಲ' ಅಂತ ಒಂದೇ ರಾಗ. ಕೊನೆಗೆ ನಾನೇ ಕೇಳ್ದೆ, ಅಲ್ಲಪ್ಪಾ, ನಿನಗೆ ಫೈಲಿನ ಮೇಲೆ ಪ್ರೀತಿನೋ ಮೇಡಂ ಮೇಲೋ ಅಂತ. ಕಿವಿವರೆಗೂ ಕೆಂಪಾಗೋದ್ರು!"

ಮಣಿಕಟ್ಟು... ನಗು... ತಲೆ ಅಲ್ಲಾಡಿಸಿದ್ದು... ಅವನು ಬೇಡ, ಬೇಡ ಅನ್ನುತ್ತಿದ್ದನೇ? ಅದನ್ನು ನೋಡಿ ತಾನು ಮಾಡಿದ್ದೇನು?

ಒಳಗೆ ಗಂಟೆ ಹೊಡೆಯಿತು. ಟಿಪ್ಪಣಿ ಆಗಲೇ ಹನ್ನೆರಡು ಮಂದಿ ಸದಸ್ಯರ ಕೈಯಲ್ಲಿತ್ತು.

ಉದ್ದನೆಯ ಮೇಜು. ಅದರ ತುದಿಯಲ್ಲಿ ಸಮಿತಿಯ ಅಧ್ಯಕ್ಷೆ. ಒಂದು ಕಾಲದಲ್ಲಿ ಶಾಲೆಯಲ್ಲಿ ಪಾಠ ಹೇಳಿದ್ದ ಎಪ್ಪತ್ತರ ಅಜ್ಜಿ. ಎದುರಿಗೆ ಇಲಾಖೆಯ ಕಾರ್ಯದರ್ಶಿ, ಪಕ್ಕದಲ್ಲಿ ಹೊಗೆ ಸಾಹೇಬ. ಗೋಡೆ ಬದಿಯ ಕುರ್ಚಿಯಲ್ಲಿ ನಡಾವಳಿ ಬರೆದುಕೊಳ್ಳಲು ಅವಳು. ಅಲ್ಲಿ ಕೂತವರು ಬರೆಯಬೇಕು, ಬಾಯಿ ಬಿಡಬಾರದು. ಅದು ಯಾರೂ ಮೀರದ ರೂಢಿ.

ಅಧ್ಯಕ್ಷೆ ಆ ಸಾಲನ್ನು ಗಟ್ಟಿಯಾಗಿ ಓದಿದರು. ಹೊಗೆ ಸಾಹೇಬ ತಲೆ ಎತ್ತಿ ಅವಳನ್ನು ನೋಡಿದ. ಸಿಟ್ಟಿರಲಿಲ್ಲ. ನಂಬಲಾಗದ ನೋವಿತ್ತು. ಅದೇ ಅವಳನ್ನು ಕೊಂದದ್ದು.

ಕಾರ್ಯದರ್ಶಿಗೆ ರೋಗಿ ಬಯಸಿದ್ದೂ ಹಾಲು, ವೈದ್ಯ ಹೇಳಿದ್ದೂ ಹಾಲು!

"ನಿಜ ಮೇಡಂ, ಈ ಅಧಿಕಾರಿಯದೇ ತಪ್ಪು. ಇವತ್ತೇ ಅಮಾನತ್ತು ಮಾಡ್ತೀವಿ. ಅಂಕಿ ಸಿದ್ಧವಾಗೋಕೆ ಇನ್ನೊಂದು ವರ್ಷ ಬೇಕು. ದಯವಿಟ್ಟು ಈ ಭರವಸೆಯನ್ನ ಪಟ್ಟಿಯಿಂದ ಕೈಬಿಡಿ."

ಸದಸ್ಯರು ಒಬ್ಬರ ಮುಖ ಒಬ್ಬರು ನೋಡಿದರು. ಸರಿ ಎನ್ನುವಂತೆ ಒಬ್ಬಿಬ್ಬರು ತಲೆಯಾಡಿಸಿದರು.

ಅವಳು ಬರೆಯುವುದನ್ನು ನಿಲ್ಲಿಸಿದಳು. ಮೂರು ವರ್ಷ ಬೆನ್ನು ಬಿಡದೆ ಕಾಪಾಡಿದ ಮಾತು. ಇಡೀ ಸರ್ಕಾರ ತಪ್ಪಿಸಿಕೊಳ್ಳಲು ಕಿಂಡಿ ಕೊರೆದದ್ದು ಯಾರು? ತಾನೇ! ತನ್ನ ಹೊಟ್ಟೆಯುರಿ! ಇನ್ನು ಎರಡು ನಿಮಿಷ ಸುಮ್ಮನಿದ್ದರೆ ಅವನ ನೌಕರಿ ಹೋಗುತ್ತದೆ, ಸುಳ್ಳು ಅಂಕಿ ವಿಮಾನ ಹತ್ತುತ್ತದೆ.

ಎದ್ದು ನಿಂತಳು.

"ಆ ಸಾಲು ಸುಳ್ಳು, ಮೇಡಂ."

ಹನ್ನೆರಡು ತಲೆಗಳು ತಿರುಗಿದವು.

"ಯಾರಮ್ಮಾ ಬರೆದಿದ್ದು?"

"ನಾನೇ."

"ಸುಳ್ಳು ಅಂತ ಗೊತ್ತಿದ್ದೂ?"

"ಗೊತ್ತಿದ್ದೂ."

"ಯಾಕೆ?"

ಕಚೇರಿಯ ಭಾಷೆಯಲ್ಲಿ ಇದಕ್ಕೆ ಪದವಿರಲಿಲ್ಲ.

"ಹೊಟ್ಟೆಕಿಚ್ಚಿಗೆ, ಮೇಡಂ. ಇವರನ್ನ ಬೇರೆಯವರ ಜೊತೆ ನೋಡಿ... ತಡ್ಕೊಳ್ಳೋಕಾಗದೆ ಬರೆದೆ. ನನಗೆ ಏನು ಶಿಕ್ಷೆ ಬೇಕಾದ್ರೂ ಕೊಡಿ. ಆದ್ರೆ ಅಂಕಿ ಎಲ್ಲಿದೆ ಅಂತ ಇವರನ್ನೇ ಕೇಳಿ."

ಹೊಗೆ ಸಾಹೇಬನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಅವನಿಗೆ ಅದರ ಪರಿವೆಯೇ ಇರಲಿಲ್ಲ.

"ಇಲಾಖೆಯ ಪರವಾಗಿ ನಾನು..." ಕಾರ್ಯದರ್ಶಿ ಎದ್ದರು.

"ಕೂತ್ಕೊಳ್ಳಿ," ಅಜ್ಜಿಯ ದನಿಯಲ್ಲಿ ಹಳೆಯ ಟೀಚರಮ್ಮ ಎದ್ದು ಬಂದಿದ್ದರು. "ಕರೆಸಿರೋದು ಇವನನ್ನ. ಹೇಳಪ್ಪಾ, ಅಂಕಿ ಇದೆಯಾ?"

ಅವನು ನಿಧಾನವಾಗಿ ಎದ್ದ.

"ಇದೆ ಮೇಡಂ. ಸಮಿತಿ ಕೇಳಿದ ಮೇಲೆ ಬಚ್ಚಿಡೋ ಅಧಿಕಾರ ನನಗಿಲ್ಲ. ಸಹಿಗೆ ಅಂತ ಹೋದ ವರ್ಷವೇ ಕೊಟ್ಟಿದ್ದೆ. ಹೊಗೆ ಕಡಿಮೆಯಾಗಿಲ್ಲ, ನೂರಕ್ಕೆ ಒಂಬತ್ತರಷ್ಟು ಹೆಚ್ಚಾಗಿದೆ. ವರ್ಷವಾರು ಪಟ್ಟಿ ಇಲ್ಲೇ ಇದೆ."

ಚೀಲದಿಂದ ಕಾಗದಗಳು ಹೊರಬಂದವು. ಮುಂದಿನ ಒಂದು ಗಂಟೆ ಕಾರ್ಯದರ್ಶಿ ಬೆವರು ಒರೆಸಿಕೊಂಡರು, ಅವಳು ಒಂದಕ್ಷರ ಬಿಡದೆ ಬರೆದುಕೊಂಡಳು. ಕೊನೆಗೆ ತೀರ್ಮಾನವಾಯಿತು: ನಿಯೋಗ ವಿಮಾನ ಹತ್ತುವ ಮುನ್ನ ಮಂತ್ರಿಗಳೇ ಆ ಅಂಕಿಯನ್ನು ಸದನದ ಮುಂದಿಡಬೇಕು. ಮಾತುಕತೆಯಲ್ಲಿ ಏನು ಹೇಳಿದರೂ ಇದೇ ಅಂಕಿ ಹಿಡಿದು ಹೇಳಬೇಕು.

"ಮತ್ತೆ ನೀನು," ಅಧ್ಯಕ್ಷೆ ಅವಳತ್ತ ನೋಡಿದರು, "ನಾಳೆಯಿಂದ ಭರವಸೆ ಶಾಖೆಯಲ್ಲಿ ಬೇಡ. ಗ್ರಂಥಾಲಯಕ್ಕೆ ಹೋಗು. ತಪ್ಪು ತಪ್ಪೇ." ಟಿಪ್ಪಣಿ ಮಡಚುತ್ತಾ, "ಎದ್ದು ನಿಂತಿದ್ದು ಮಾತ್ರ ಒಳ್ಳೇದಾಯ್ತಮ್ಮ" ಅಂದರು.

ಹೊರಗೆ ಹಿಂಭಾಗದ ಮೆಟ್ಟಿಲ ಮೇಲೆ ಅವಳು ಮುಖ ಮುಚ್ಚಿಕೊಂಡು ಕೂತಿದ್ದಳು. ಹೆಜ್ಜೆ ಸಪ್ಪಳ ಹತ್ತಿರ ಬಂದು, ಪಕ್ಕದಲ್ಲೇ ನಿಂತಿತು.

"ನಿಯೋಗದಿಂದ ನನ್ನ ಹೆಸರು ತೆಗೆದ್ರಂತೆ," ಅಂದ.

"ನನ್ನನ್ನ ಕ್ಷಮಿಸ್ಬೇಡಿ... ನಾನು ನಿಮ್ಮನ್ನ..." ಅಳು ಉಕ್ಕಿತು.

"ನೋವಾಯ್ತು. ಸುಳ್ಳು ಯಾಕೆ ಹೇಳ್ಲಿ? ಆ ಸಾಲು ಓದ್ದಾಗ ಎದೆ ಒಡೆದೋಯ್ತು." ಒಂದು ಮೆಟ್ಟಿಲು ಕೆಳಗೆ ಕೂತ. "ಆದ್ರೆ ಆ ಸಾಲಿಲ್ಲದಿದ್ರೆ ನನ್ನನ್ನ ಯಾರೂ ಕರೀತಿರ್ಲಿಲ್ಲ. ನನ್ನ ಬಾಯಿಗೆ ಬೀಗ ಹಾಗೇ ಇರ್ತಿತ್ತು. ಬೈಯ್ಯೋದೋ, ಕೈ ಮುಗಿಯೋದೋ ಗೊತ್ತಾಗ್ತಿಲ್ಲ."

"ಬೈದುಬಿಡಿ. ನನಗೂ ಹಗುರಾಗುತ್ತೆ."

"ಅವತ್ತು ಚಹಾಕ್ಕೆ ಕರೆದ್ರಲ್ಲ... ನನ್ನ ಇಲಾಖೆ ಮೂರು ವರ್ಷದಿಂದ ನಿಮ್ಮ ಹತ್ರ ಮಾತು ತಪ್ಪಿಸ್ತಿತ್ತು. ಅಂಥ ಕಡೆಯಿಂದ ಬಂದ ನಾನು ಇನ್ನೊಂದು ಮಾತು ಕೊಟ್ರೆ ನೀವು ನಂಬ್ತಿದ್ರಾ? ಮೊದಲು ಅದು ತೀರಲಿ, ಆಮೇಲೆ ನನ್ನದು ಅಂದ್ಕೊಂಡೆ. ದಡ್ಡ ನಾನು."

ಅವಳು ಮುಖದಿಂದ ಕೈ ತೆಗೆದಳು. "ದಡ್ಡರೇ! ಆ ವಕೀಲೆ ಕೈ ಹಿಡಿದಾಗ ಬಿಡಿಸ್ಕೊಳ್ಳೋಕಾಗ್ಲಿಲ್ವಾ?"

"ಇನ್ನೂ ಉರೀತಿದೆಯಾ?"

"ಉರೀತಿದೆ! ಏನೀಗ?"

ಅವನು ನಕ್ಕುಬಿಟ್ಟ. ಕಣ್ಣೀರಿನ ನಡುವೆ ಅವಳಿಗೂ ನಗು ಬಂತು. ಅವನ ಬೆರಳು ಅವಳ ಬೆರಳನ್ನು ಹುಡುಕಿಕೊಂಡು ಬಂದವು. ಬಿಸಿಲಲ್ಲೂ ತಣ್ಣಗಿದ್ದವು.

"ಭಾನುವಾರ ನಿಮ್ಮಣ್ಣ ಅತ್ತಿಗೆ ಮನೇಲಿರ್ತಾರಾ? ಬಂದು ಮಾತಾಡ್ಬೇಕು."

"ಮೊದಲು ನನ್ನ ಹತ್ರ ಮಾತಾಡಿ!"

ಅವನು ಆಚೀಚೆ ನೋಡಿದ. ಹತ್ತಿರ ಬಾಗಿದ.

"ನಿಮ್ಮನ್ನ ಪ್ರೀತಿಸ್ತೀನಿ ರೀ."

"ಏನು? ಕೇಳಿಸ್ಲಿಲ್ಲ."

"ಕೇಳಿಸ್ತು ನಿಮಗೆ."

"ಕೇಳಿಸ್ತು..." ಅವಳು ತಲೆಯನ್ನು ಅವನ ಭುಜಕ್ಕೆ ಒರಗಿಸಿದಳು. "ಆದ್ರೂ ಇನ್ನೊಂದ್ಸಲ ಹೇಳಿ."