ವನದುರ್ಗದ ಹೇಳಿಕೆ

ಹಿರಿಯ ಆಪ್ತಸಮಾಲೋಚಕ ಮರಿಲಿಂಗನಿಗೆ ಅವಮಾನವಾದದ್ದು ಇನ್ನೂರು ಕೈದಿಗಳ ಎದುರಿನಲ್ಲಿ. ಜೈಲು ನೋಡಲು ಬಂದಿದ್ದ ನ್ಯಾಯಾಧೀಶೆ, "ನಿಮ್ಮ ಮನಸ್ಸಿನ ಕಷ್ಟ ಇಲ್ಲಿ ಯಾರ ಹತ್ತಿರ ಹೇಳಿಕೊಳ್ತೀರಿ?" ಎಂದು ಕೇಳಿದರು. ಮರಿಲಿಂಗ ಅಂಗಿಯ ಕಾಲರು ಸರಿಮಾಡಿಕೊಂಡ. ಮುಂದಿನ ಸಾಲಿನ ಬೈಕ್ ಕಳ್ಳನೊಬ್ಬ ಎದ್ದು, "ಫಿರೋಜಣ್ಣನ ಹತ್ರರಿ" ಎಂದ. ಪಕ್ಕದವನೂ ಅದನ್ನೇ ಹೇಳಿದ. ಆಮೇಲೆ ಇಡೀ ಸಾಲು ತಲೆಯಾಡಿಸಿತು. ನ್ಯಾಯಾಧೀಶೆ ಮರಿಲಿಂಗನ ಕಡೆ ತಿರುಗಿ, "ನಿಮ್ಮ ಕೆಲಸ ಹಗುರಾಯ್ತಲ್ಲ" ಎಂದು ನಕ್ಕರು.

ಆ ನಗುವನ್ನು ಅವನು ತಿಂಗಳುಗಟ್ಟಲೆ ಮೆಲುಕು ಹಾಕಿದ. ಅವನದು ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ, ಇಪ್ಪತ್ತೆರಡು ವರ್ಷದ ಸರ್ವಿಸ್. ಫಿರೋಜ್ ಏಳನೆಯ ತರಗತಿ ನಪಾಸು. ಶಹಾಪುರ ತಾಲ್ಲೂಕಿನ ವನದುರ್ಗದವ. ಕಾಲುವೆ ನೀರಿನ ಪಾಳಿಗಾಗಿ ಜಗಳ ತೆಗೆದು, ಓರಗೆಯ ಅಯ್ಯಪ್ಪನ ತಲೆಗೆ ಸಲಿಕೆಯಿಂದ ಹೊಡೆದು ಕೊಂದು, ಹದಿನಾಲ್ಕು ವರ್ಷದಿಂದ ಒಳಗಿದ್ದವ. ಅಂಥವನ ಮುಂದೆ ಕೂತು ಕೈದಿಗಳು ಅಳುತ್ತಿದ್ದರು. ಮರಿಲಿಂಗನ ಮುಂದೆ ಕೂತವರು ಆಕಳಿಸುತ್ತಿದ್ದರು. ಈ ಜನಕ್ಕೆ ಮನಸ್ಸು ಅಂತ ಒಂದಿದೆ ಎಂದು ಅವನು ನಂಬಿದ್ದು ಕೆಲಸಕ್ಕೆ ಸೇರಿದ ಮೊದಲ ವರ್ಷ ಮಾತ್ರ.

ಸ್ವಾತಂತ್ರ್ಯ ದಿನಾಚರಣೆಗೆ ಬಿಡುಗಡೆಯಾಗುವವರ ಪಟ್ಟಿಯಲ್ಲಿ ಫಿರೋಜ್‌ನ ಹೆಸರು ಬಂತು. ಕಡತ ನೇರವಾಗಿ ಮರಿಲಿಂಗನ ಮೇಜಿಗೇ ಬಂತು, ಯಾಕೆಂದರೆ ಕೈದಿಗಳ ಪ್ರಕರಣಗಳನ್ನು ನೋಡಿಕೊಳ್ಳುವವನೂ ಅವನೇ. ಅವನು ಕೈದಿಯ ಊರಿಗೆ ಹೋಗಬೇಕು, ಸತ್ತವನ ಮನೆಯವರ ಹೇಳಿಕೆ ಪಡೆಯಬೇಕು, ಅದನ್ನು ಬಿಡುಗಡೆ ತೀರ್ಮಾನಿಸುವ ಮಂಡಳಿಯ ಮುಂದಿಡಬೇಕು. ಹೇಳಿಕೆ ಕೆಟ್ಟದಾಗಿದ್ದರೆ ಮತ್ತೆ ಮೂರು ವರ್ಷ ಯಾರೂ ಆ ಕಡತ ಮುಟ್ಟುವುದಿಲ್ಲ. ಮರಿಲಿಂಗ ಕಡತದ ಧೂಳು ಒರೆಸಿ ಅದನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದ.

ಮರುದಿನ ಫಿರೋಜ್ ಬಾಗಿಲಲ್ಲಿ ಬಂದು ನಿಂತ.

"ಸಾಹೇಬ್ರ, ನಮ್ಮ ಅಮ್ಮಿ ಹಾಸಿಗಿ ಹಿಡದು ಎರಡು ವರ್ಷ ಆತ್ರಿ. ಡಾಕ್ಟರು ಕೈಬಿಟ್ಟಾರ. ಈ ಸಲ ಬಿಟ್ರ ಜೀವಂತ ಮಾರಿ ನೋಡ್ತೀನ್ರಿ. ಇಲ್ಲಾಂದ್ರ ಇಲ್ಲ."

"ನಾನ ಖುದ್ದ ಊರಿಗಿ ಹೋಗಿ ಬರ್ತೀನೋ. ಚಿಂತಿ ಬಿಡು," ಎಂದ ಮರಿಲಿಂಗ.

ಫಿರೋಜ್ ಕೈಮುಗಿದ. ಆ ಮುಗಿದ ಕೈಗಳನ್ನು ನೋಡಿ ಮರಿಲಿಂಗನಿಗೆ ಎಷ್ಟೋ ದಿನದ ಮೇಲೆ ಹೊಟ್ಟೆ ತಣ್ಣಗಾಯಿತು.

ಊರಿಗೆ ಹೋಗುವ ಮಾತು ಮಾತ್ರ ಸುಳ್ಳು. ಹೋದರೆ ನಾಲ್ಕು ಜನ ನೋಡುತ್ತಾರೆ, ನೆನಪಿಟ್ಟುಕೊಳ್ಳುತ್ತಾರೆ. ಸತ್ತ ಅಯ್ಯಪ್ಪನ ತಾಯಿ ಲಾಲಮ್ಮ, ಹಳ್ಳಿಯ ಮುದುಕಿ, ಹೇಳಬೇಕಾದದ್ದನ್ನು ಬಿಟ್ಟು ಇನ್ನೇನೋ ವಟಗುಟ್ಟುತ್ತಾಳೆ. ಮಗನನ್ನು ಕಳೆದುಕೊಂಡ ತಾಯಿ ಕೊಂದವನ ಬಗ್ಗೆ ಏನು ಹೇಳುತ್ತಾಳೆ ಎಂದು ತಿಳಿಯಲು ಅವನಿಗೆ ವನದುರ್ಗದ ಧೂಳು ಕುಡಿಯುವ ಅಗತ್ಯವಿರಲಿಲ್ಲ. ಅಂಥ ನೂರು ಹೇಳಿಕೆಗಳನ್ನು ಅವನು ಬರೆದಿದ್ದ. ಎಲ್ಲ ತಾಯಂದಿರೂ ಒಂದೇ ಸಾಲು ಹೇಳುತ್ತಾರೆ, ಸ್ವಲ್ಪ ಹೆಚ್ಚುಕಡಿಮೆ ಅಷ್ಟೇ.

ಆದರೂ ಅವನು ಅವಸರ ಮಾಡುವ ದಡ್ಡನಲ್ಲ. ಬಸ್ ನಿಲ್ದಾಣದ ಅಂಗಡಿಯ ಫೋನಿನಿಂದ ಪಂಚಾಯತಿಗೆ ಹಚ್ಚಿ, ಮತದಾರರ ಪಟ್ಟಿಯ ಕೆಲಸ ಎಂದು ಹೇಳಿ ವಿಚಾರಿಸಿದ.

"ಲಾಲಮ್ಮ ಅದಾಳೇನ್ರಿ?"

"ಅದಾಳ್ರಿ. ಮುದುಕಿ ಗಟ್ಟಿ ಅದಾಳ, ಇನ್ನೂ ಹೊಲದಾಗ ಕಳಿ ತೆಗಿಯಾಕ ಹೋಗ್ತಾಳ."

"ಸಹಿ ಮಾಡ್ತಾಳೇನು?"

"ಎಲ್ಲೀದ್ರಿ, ಹೆಬ್ಬಟ್ಟು."

ಬದುಕಿದ್ದಾಳೆ, ಓದು ಬರುವುದಿಲ್ಲ. ಅಂಥವಳಿಗೆ ಶಹಾಪುರದ ಸಂತೆಯೇ ಲೋಕದ ಕೊನೆ ಎಂದು ಮರಿಲಿಂಗ ಲೆಕ್ಕ ಹಾಕಿದ. ತನ್ನ ಹೆಸರಿನಲ್ಲಿ ಇಂಥದೊಂದು ಕಾಗದವಿದೆ ಎಂದು ಅವಳಿಗೆ ಸಾಯುವತನಕ ಗೊತ್ತಾಗುವುದಿಲ್ಲ.

ದಿನವನ್ನೂ ಅಳೆದು ತೂಗಿ ಆರಿಸಿದ. ಆ ಮಂಗಳವಾರ ಜೈಲಿನ ಜೀಪು ಸುರಪುರದ ಕೋರ್ಟಿಗೆ ಹೋಗುವುದಿತ್ತು. ಚಾಲಕ ತೌಫೀಕ್ ಹತ್ತು ಗಂಟೆಗೆ ಅವನನ್ನು ಶಹಾಪುರದಲ್ಲಿ ಇಳಿಸಿ, "ವನದುರ್ಗದ ತನಕ ಬಿಡ್ಲೇನ್ರಿ ಸಾಹೇಬ್ರ?" ಎಂದು ಕೇಳಿದ.

"ಬ್ಯಾಡೋ, ಆಟೋದಾಗ ಹೋಗ್ತೀನಿ. ಜೀಪು ಕಂಡ್ರ ಜನ ಬಾಯಿ ಬಿಡಂಗಿಲ್ಲ."

ಈ ಉತ್ತರವನ್ನು ಅವನು ಹಿಂದಿನ ದಿನವೇ ಸಿದ್ಧಮಾಡಿಕೊಂಡಿದ್ದ. ಅವನು ಊರಿಗೆ ಹೋಗಿದ್ದಕ್ಕೆ ಇನ್ನು ಜೀಪಿನ ಓಡಾಟದ ಪುಸ್ತಕವೇ ಸಾಕ್ಷಿ. ಅವನು ಖಾನಾವಳಿಯಲ್ಲಿ ಉಂಡು, ಭಾವಮೈದುನನ ಮನೆಯಲ್ಲಿ ಫ್ಯಾನಿನ ಕೆಳಗೆ ಮಲಗಿ, ಸಂಜೆ ನಾಲ್ಕಕ್ಕೆ ದಣಿದವನ ಮುಖ ಮಾಡಿಕೊಂಡು ಜೀಪು ಹತ್ತಿದ.

ಹೇಳಿಕೆ ಬರೆಯುವಾಗ ಅವನಿಗೆ ನಿಜವಾಗಿಯೂ ಖುಷಿಯಾಯಿತು. 'ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಲಾಲಮ್ಮನನ್ನು ವನದುರ್ಗದ ಆಕೆಯ ಮನೆಯಲ್ಲಿ ಕಂಡೆನು' ಎಂದು ಶುರುಮಾಡಿ, ಆಕೆಯ ಬಾಯಲ್ಲಿ ಆಕೆಯ ಊರಿನ ಆಡುಮಾತನ್ನೇ ಇಟ್ಟ: 'ಅವ ಊರಾಗ ಕಾಲಿಟ್ಟ ದಿವಸ ನಾ ಬಾವಿ ಬೀಳ್ತೀನ್ರಿ. ಅವನ ಹೆಸರು ಕೇಳಿದ್ರ ನನ್ನ ಕರುಳು ಸುಡತಾದ.' ಕೊನೆಗೆ, ಬಿಡುಗಡೆಯಾದರೆ ಊರಿನಲ್ಲಿ ಎರಡು ಕೋಮಿನ ನಡುವೆ ಶಾಂತಿ ಕದಡುವ ಸಂಭವವಿದೆ ಎಂದೂ ಸೇರಿಸಿದ. ಈ ಸಾಲು ಕಂಡರೆ ಯಾವ ಮಂಡಳಿಗಾದರೂ ಕೈ ನಡುಗುತ್ತದೆ ಎಂದು ಅವನಿಗೆ ಗೊತ್ತಿತ್ತು.

ಹೆಬ್ಬೆಟ್ಟಿಗೆ ಕಚೇರಿಯ ಕಸ ಗುಡಿಸುವ ಮಲ್ಲಾಬಾಯಿ ಇದ್ದಳು.

"ಏನ್ರಿ ಇದು ಸಾಹೇಬ್ರ?"

"ಹೊಸ ಕಸಬರಿಗಿ ಕೊಟ್ಟೀವಲ್ಲ, ಅದಕ್ಕ. ಒತ್ತು."

ಅವಳು ಒತ್ತಿದಳು, ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಹೊಸ ಕಸಬರಿಗೆ ಎಲ್ಲಿ ಎಂದು ಕೂಡ ಕೇಳಲಿಲ್ಲ. ಇಂಥವರು ಇರುವತನಕ ತನ್ನಂಥವರಿಗೆ ಭಯವಿಲ್ಲ ಎಂದುಕೊಂಡ ಮರಿಲಿಂಗ.

ಮಂಡಳಿ ಸೇರಿದ್ದು ಜುಲೈ ಕೊನೆಯಲ್ಲಿ. ಅದೇ ನ್ಯಾಯಾಧೀಶೆ ನಡುವಿನ ಕುರ್ಚಿಯಲ್ಲಿದ್ದರು. ಹೇಳಿಕೆ ಓದುತ್ತ ಅವರ ಮುಖ ಸಣ್ಣದಾಯಿತು. ಜೈಲು ಅಧೀಕ್ಷಕರು, "ಇಷ್ಟೆಲ್ಲ ಇದ್ದ ಮೇಲೆ ಬಿಡೋದು ಕಷ್ಟ" ಎಂದು ಗೊಣಗಿದರು. ಮರಿಲಿಂಗ ತಲೆ ತಗ್ಗಿಸಿ, ಕೈದಿಯ ಮೇಲೆ ಮರುಕವಿರುವವನ ಹಾಗೆ ಕೂತಿದ್ದ. ನಿಯಮದಂತೆ ಫಿರೋಜ್‌ನನ್ನು ಒಳಗೆ ಕರೆಸಿ ಹೇಳಿಕೆಯನ್ನು ಓದಿ ಹೇಳಿದರು. ಅವನು ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಮರಿಲಿಂಗನನ್ನೇ ಕೇಳಿದ.

"ಲಾಲಮ್ಮವ್ವ ಹಿಂಗಂದಳೇನ್ರಿ ಸಾಹೇಬ್ರ?"

"ಅಂದಳಪ್ಪ. ನನಗೂ ಭಾಳ ಕೆಟ್ಟ ಅನಿಸ್ತು."

"ಮಂಗಳವಾರ, ಹನ್ನೊಂದಕ್ಕ, ಊರಾಗ?"

"ಹೌದೋ. ಅಕಿ ಮನಿಯಾಗ."

ಫಿರೋಜ್ ನ್ಯಾಯಾಧೀಶೆಯ ಕಡೆ ತಿರುಗಿದ. "ಅಮ್ಮಾರೆ, ಅವತ್ತಿನ ಮುಲಾಕಾತಿ ಪುಸ್ತಕ ತರಸ್ರಿ" ಎಂದ. ಕೈದಿಗಳನ್ನು ಭೇಟಿಯಾಗಲು ಬಂದವರ ಹೆಸರು ಬರೆಯುವ ಆ ಪುಸ್ತಕ ಗೇಟಿನಲ್ಲಿರುತ್ತದೆ. ಅದರಲ್ಲಿ ಏನಿದ್ದೀತು ಎಂದು ಮರಿಲಿಂಗನಿಗೆ ನಗು ಬಂತು. ಗೇಟಿನ ಮುಂದೆ ಬುತ್ತಿಗಂಟು ಹಿಡಿದು ಕೂರುವ ಹೆಂಗಸರ ಮುಖವನ್ನು ಅವನು ಯಾವತ್ತೂ ನೋಡಿದವನಲ್ಲ.

ಪುಸ್ತಕ ಬಂತು. ನ್ಯಾಯಾಧೀಶೆ ಪುಟ ತೆರೆದು ಗಟ್ಟಿಯಾಗಿ ಓದಿದರು: ಮಂಗಳವಾರ, ಬೆಳಿಗ್ಗೆ ಹನ್ನೊಂದು ಗಂಟೆ; ಕೈದಿ ಫಿರೋಜ್; ಭೇಟಿಗೆ ಬಂದವರು ಲಾಲಮ್ಮ, ವನದುರ್ಗ. ಸಂಬಂಧ ಎಂಬ ಕಡೆ ಗೇಟಿನ ಗುಮಾಸ್ತ ಆಕೆ ಹೇಳಿದಂತೆಯೇ ಬರೆದಿದ್ದ: ಸತ್ತವನ ತಾಯಿ. ಪಕ್ಕದಲ್ಲಿ ಹೆಬ್ಬೆಟ್ಟು. ಫಿರೋಜ್‌ನ ತಾಯಿ ಮದೀನಾಬೀ ಹಾಸಿಗೆ ಹಿಡಿದಂದಿನಿಂದ, ಅವಳ ಬದಲು, ಹದಿನೈದು ದಿನಕ್ಕೊಮ್ಮೆ ನಸುಕಿನ ಬಸ್ಸು ಹತ್ತಿ ಫಿರೋಜ್‌ಗೆ ರೊಟ್ಟಿ ಪಲ್ಯ ತರುತ್ತಿದ್ದವಳು ಲಾಲಮ್ಮ. ಪುಸ್ತಕದಲ್ಲಿ ಎರಡು ವರ್ಷದ ಹೆಬ್ಬೆಟ್ಟುಗಳಿದ್ದವು. ನ್ಯಾಯಾಧೀಶೆ ಹಿಂದಿನ ಪುಟಗಳನ್ನು ಒಂದೊಂದಾಗಿ ತಿರುವಿ, ಮತ್ತೆ ಆ ಮಂಗಳವಾರಕ್ಕೆ ಬಂದು, ಪುಸ್ತಕವನ್ನು ಮೇಜಿನ ಮೇಲೆ ಮರಿಲಿಂಗನ ಕಡೆ ಸರಿಸಿದರು. ಎಲ್ಲ ಪುಟಗಳ ಹಾಗೆ ಆ ಪುಟದ ಕೆಳಗೂ, ಶನಿವಾರಕ್ಕೊಮ್ಮೆ ಚಹಾ ಕುಡಿಯುತ್ತ ಹಾಕುತ್ತಿದ್ದ ಅವನದೇ ಸಹಿ ಇತ್ತು. ಅದರ ಮೇಲೆ, 'ಓದಿ ಪರಿಶೀಲಿಸಿದ್ದೇನೆ' ಎಂದು ಅವನದೇ ಅಕ್ಷರ.