ಹಾಯಿದೋಣಿಗೆ ಬಿದ್ದ ಖರ್ಚು

ಹಿಮಬಿಂದುವನ್ನು ಮೊದಲ ಸಲ ಕಂಡಾಗ ಶಮಂತ್ ಮಣಿಕಟ್ಟು ತುರಿಸಿಕೊಳ್ಳುತ್ತಿದ್ದ.

ವಿಶಾಖಪಟ್ಟಣದ ಆಚೆ, ಭೀಮಿಲಿ ರಸ್ತೆಯ ಕಾರ್ಖಾನೆ. ಹೊರದೇಶದ ಮಕ್ಕಳು ಕೂತು ನಡೆಸುವ ಪುಟ್ಟ ಹಾಯಿದೋಣಿಗಳು ಅಲ್ಲಿ ಇಡ್ಲಿಯಂತೆ ಅಚ್ಚಿನಿಂದ ಏಳುತ್ತಿದ್ದವು. ಹುಬ್ಬಳ್ಳಿಯಿಂದ ಬಂದ, ತಯಾರಿಕೆಯ ಖರ್ಚು ಲೆಕ್ಕಹಾಕುವ ಈ ಇಂಜಿನಿಯರ್ ಗಾಜಿನೆಳೆಯ ಬಟ್ಟೆಯನ್ನು ಬರಿಗೈಯಲ್ಲಿ ಸವರಿ ನೋಡಿದ್ದ. ಕಣ್ಣಿಗೆ ಕಾಣದ ಎಳೆಗಳು ಚರ್ಮಕ್ಕೆ ಚುಚ್ಚಿಕೊಂಡಿದ್ದವು.

"ಉಜ್ಜಬೇಡಿ ಸಾರ್, ಇನ್ನೂ ಒಳಗೆ ಹೋಗ್ತವೆ."

ಮಾಸ್ಕಿನ ಮೇಲೆ ಎರಡು ಕಣ್ಣು ನಗುತ್ತಿದ್ದವು. ಅವಳು ಅಂಟುಟೇಪನ್ನು ಅವನ ಮಣಿಕಟ್ಟಿಗೆ ಮೆಲ್ಲಗೆ ಒತ್ತಿ, ಸರ್ರನೆ ಕಿತ್ತಳು.

"ಯವ್ವಾ!"

"ಇಷ್ಟಕ್ಕೇನಾ? ನಾವು ದಿನಾ ಇದರಲ್ಲೇ ಮುಳುಗಿರ್ತೀವಿ."

ತಂದೆ ಇಲ್ಲಿಯವರು, ತಾಯಿ ದಾವಣಗೆರೆಯವರು. ಹಿಮಬಿಂದುವಿನ ಕನ್ನಡ ಅಡುಗೆಮನೆಯಲ್ಲಿ ಬೆಳೆದದ್ದು. ಸಂಜೆ ಕಡಲದಂಡೆಯಲ್ಲಿ ಅವನಿಗೆ ತೆಲುಗು ಕಲಿಸತೊಡಗಿದಳು.

"'ಪ್ರೇಮಿಸ್ತುನ್ನಾನು' ಅನ್ನಿ ನೋಡೋಣ."

"ಇದು ಸಿಲೆಬಸ್ಸಿನ್ಯಾಗ ಐತೇನು?"

"ಇದೇ ಸಿಲೆಬಸ್."

ಅವನು ದೋಣಿಯ ಲೆಕ್ಕ ಹೇಳುತ್ತಿದ್ದ. ಗಾಜಿನ ಬಟ್ಟೆ, ಅದನ್ನು ಗಟ್ಟಿಮಾಡುವ ರೆಸಿನ್ ಅಂಟು, ಹೊಟ್ಟೆಯೊಳಗಿನ ಫೋಮ್, ಅಲ್ಯೂಮಿನಿಯಂ ಕಂಬ, ಪಾಲಿಯೆಸ್ಟರ್ ಹಾಯಿ.

"ನಾನು ಯಾವ ಸಾಲಲ್ಲಿದೀನಿ?"

"ಲೇಬರ್."

"ಅಷ್ಟೇನಾ? ಹೆಸರಿಲ್ವಾ?"

"ಹೆಸರು ಬ್ಯಾರೆ ಕಡೆ ಬರಕೊಂಡೀನಿ," ಎಂದು ಎದೆ ಮುಟ್ಟಿಕೊಂಡ. ಅವಳು ಮರಳೆರಚಿ ಓಡಿದಳು. ದೂರ ಹೋಗಲಿಲ್ಲ.

ಆಮೇಲೆ ಕೊಳ್ಳುವವರು ಬೆಲೆ ಇಳಿಸಿ ಎಂದರು. ರೆಸಿನ್ ಕಡಿಮೆ ಮಾಡಿದರೆ ದೋಣಿ ಬಿರಿಯುತ್ತದೆ, ಫೋಮ್ ತೆಗೆದರೆ ಮುಳುಗುತ್ತದೆ. ಕೈಕೆಲಸದ ವೇಳೆ ಉಳಿಸಲು ಮಾಲೀಕ ಸೂರ್ಯಪ್ರಕಾಶ ಪ್ರೆಸ್ ತರಿಸಿದ. ಮೇಲಿನ ಅಚ್ಚು ಇಳಿದು ಕೆಳಗಿನದನ್ನು ಅದುಮುವ ಯಂತ್ರ. ಅದರ ಜೊತೆ ಒಂದು ಸೆನ್ಸರ್ ಬರುವುದಿತ್ತು. ನಡುವೆ ಕೈ ಕಂಡರೆ ಯಂತ್ರವನ್ನು ನಿಲ್ಲಿಸುವಂಥದ್ದು.

ಶಮಂತ್ ಖರ್ಚಿನ ಪಟ್ಟಿಯಿಂದ ಅದನ್ನು ಹೊಡೆದುಹಾಕಿದ. ದೋಣಿ ತೇಲಲು ಅದು ಬೇಕಿರಲಿಲ್ಲ. ಮಾಲೀಕ ಬೆನ್ನು ತಟ್ಟಿದ.

ಪ್ರೆಸ್ಸಿನ ಮೊದಲ ಬೆಳಿಗ್ಗೆ ಬಟನ್ ಬಳಿ ಅವನೇ ನಿಂತಿದ್ದ. ಹಿಮಬಿಂದು ಅಚ್ಚಿನೊಳಗೆ ಬಾಗಿ ಬಟ್ಟೆಯ ಸುಕ್ಕು ತೀಡುತ್ತಿದ್ದಳು. ಮಗ್ಗುಲಲ್ಲಿ ಅಪೂರ್ವ ರೆಸಿನ್ ಸುರಿಯುತ್ತಿದ್ದಳು. ಸಾಕೆನಿಸಿದಾಗ ಹಿಮಬಿಂದು ಅವಳಿಗೆ ತೆಲುಗಿನಲ್ಲಿ ಕೂಗಿದಳು: "ಚಾಲು! ಚಾಲು!"

ತೆಲುಗಿನಲ್ಲಿ ಚಾಲು ಎಂದರೆ ಸಾಕು. ಹುಬ್ಬಳ್ಳಿಯಲ್ಲಿ ಶುರುಮಾಡು. ಅವನಿಗೆ ಎರಡೂ ಗೊತ್ತಿತ್ತು. ಆ ಗದ್ದಲದಲ್ಲಿ ಕಿವಿ ಮಾತ್ರ ಊರಿಗೆ ಹೋಗಿಬಿಟ್ಟಿತು.

ಅವನು ಬಟನ್ ಒತ್ತಿದ.

ಹಿಮಬಿಂದುವಿನ ಬಲಗೈಯ ನಾಲ್ಕು ಬೆರಳು ಅಚ್ಚಿನೊಳಗೆ ಉಳಿದವು. ರೆಸಿನ್ ಬೇಗ ಗಟ್ಟಿಯಾಗುತ್ತದೆ.

ಸೋದರತ್ತೆ ದುರ್ಗಾಂಬ ಅವಳನ್ನು ತನ್ನೂರು ವಿಜಯವಾಡದ ಆಸ್ಪತ್ರೆಗೆ ಸೇರಿಸಿ, ಆಮೇಲೆ ಭವಾನಿಪುರದ ತನ್ನ ಮನೆಗೆ ಕರೆತಂದಳು. ಪರಿಹಾರದ ಹಿಯರಿಂಗಿಗೆ ಒಂದು ದಿನ ಮೊದಲು ಶಮಂತ್ ಮಲ್ಲಿಗೆ ಹಿಡಿದು ಬಂದ. ಮುಡಿಯಲು ಅವಳಿಂದಾಗಲಿಲ್ಲ, ಅವನೇ ಮುಡಿಸಿದ.

"ಮದುವಿ ಆಗೋಣು ಹಿಮಾ. ನಾನಽ ನಿನ್ನ ಕೈ ಆಗ್ತೀನಿ."

"ಕೈ ಬೇಡ, ಬಾಯಿ ಬೇಕು. ಸೆನ್ಸರ್ ಬೇಡ ಅಂದಿದ್ದು ಯಾರು ಅಂತ ನಾಳೆ ಹೇಳಿ. ಆ ಪ್ರೆಸ್ಸಲ್ಲಿ ಇವತ್ತು ಅಪೂರ್ವ ಕೈ ಹಾಕ್ತಿದಾಳೆ."

"ನನ್ನ ನೌಕರಿ ಹೊಕ್ಕೈತಿ."

"ನಂದು ಹೋಗಿಲ್ವಾ?"

ಒಳಗಿನಿಂದ ದುರ್ಗಾಂಬ ಕೂಗಿದಳು: "ಅಳಿಯಂದಿರಿಗೆ ಕಾಫಿ ಕೊಡೋದಾ, ಸಾಕ್ಷಿಗೆ ಕೊಡೋದಾ?"

ಅವನು ನಕ್ಕ. "ಹೇಳ್ತೀನಿ," ಎಂದು ಅವಳ ಹಣೆಗೆ ಮುತ್ತಿಟ್ಟ. ಆ ಮುತ್ತು ಸುಳ್ಳಾಗಿರಲಿಲ್ಲ. ಅದೇ ಅದರ ಕ್ರೌರ್ಯ.

ಮರುದಿನ ಅಧಿಕಾರಿ ಸೀತಾಮಹಾಲಕ್ಷ್ಮಿಯ ಮುಂದೆ ಮಾಲೀಕನ ಪಕ್ಕದ ಕುರ್ಚಿಯಲ್ಲಿ ಶಮಂತ್ ಕೂತಿದ್ದ. ಕೇಳಿದ್ದಕ್ಕೆ ಎದ್ದುನಿಂತು ಹೇಳಿದ:

"ನಾಕು ತೆಲುಗು ಅರ್ಥಂ ಕಾದಂಡಿ. ಮೆಷಿನ್ ಸ್ಟಾರ್ಟ್ ಚೆಯ್ಯಮಂದಿ ಅನುಕುನ್ನಾನು. ಮೆಷಿನ್‌ಲೋ ಏ ಲೋಪಮೂ ಲೇದು."

ನನಗೆ ತೆಲುಗು ಅರ್ಥವಾಗುವುದಿಲ್ಲ, ಶುರುಮಾಡಲು ಹೇಳಿದಳೆಂದುಕೊಂಡೆ, ಯಂತ್ರದಲ್ಲಿ ಯಾವ ದೋಷವೂ ಇಲ್ಲ. ಎಲ್ಲಿಯೂ ತಡವರಿಸಲಿಲ್ಲ. ಮರ್ಯಾದೆಯ 'ಅಂಡಿ'ಯನ್ನು ಕೂಡ ಅವಳಂತೆಯೇ ಎಳೆದ.

ಅಧಿಕಾರಿ ಪೆನ್ನು ಕೆಳಗಿಟ್ಟರು. ಅರ್ಥವಾಗುವುದಿಲ್ಲವೆಂದು ಇಷ್ಟು ಚಂದದ ತೆಲುಗಿನಲ್ಲಿ ಹೇಳುತ್ತೀರಲ್ಲ, ಕಲಿಸಿದ್ದು ಯಾರು ಎಂದರು.

ಅವನು ಮಾಲೀಕನ ಕಡೆ ನೋಡಿದ.

"ನೇನೇ, ಮೇಡಂ." ಹಿಮಬಿಂದು ಎದ್ದುನಿಂತಿದ್ದಳು. ನಾನೇ. ಆಮೇಲೆ ಅವನ ಕಡೆ ತಿರುಗಿದಳು. ಮೊದಲ ಸಲ ಅವನ ಊರಿನವರಂತೆಯೇ ನಿಧಾನವಾಗಿ, ಒಂದೊಂದೇ ಮಾತು ಬಿಡಿಸಿ ಕೇಳಿದಳು:

"ತೆಲುಗು ಬ್ಯಾಡ, ಕನ್ನಡದಾಗ ಕೇಳ್ತೀನಿ. ಸೆನ್ಸರ್ ತೆಗಿಸಿದವ್ರು ಯಾರ್ರೀ?"