ಮೊದಲ ದರ್ಜೆಯ ಮೂಗು

ಬೆಳಿಗ್ಗೆ ಹತ್ತು ಗಂಟೆಗೆ ಠಾಣೆಗೆ ಬಂದ ಹೆಂಗಸು ಕೂರು ಅಂದರೂ ಕೂರಲಿಲ್ಲ. ಕೈಯಲ್ಲಿದ್ದ ಪೊಟ್ಟಣವನ್ನು ಇನ್ಸ್‌ಪೆಕ್ಟರ್ ಮೇಜಿನ ಮೇಲಿಟ್ಟಳು. ಒಳಗೆ ಒಣಗಿಸಿದ ಹನಿಸಕಲ್ ಮೊಗ್ಗು. ಗಂಟಲು ನೋವು, ಜ್ವರ ಅಂದರೆ ಜನ ಬಿಸಿನೀರಿಗೆ ಹಾಕಿ ಕುಡಿಯುವ ಹೂವು. ಪೊಟ್ಟಣದ ಮೇಲೆ ‘ಮೊದಲ ದರ್ಜೆ’ ಎಂಬ ಕೆಂಪು ಮೊಹರು.

“ಅಮ್ಮನಿಗೆ ಮೊದಲೇ ಉಬ್ಬಸ ಸಾರ್. ನಿನ್ನೆ ಇದನ್ನ ಕುದಿಸಿ ಕೊಟ್ಟೆ. ಲೋಟ ಕೆಳಗಿಡೋದ್ರೊಳಗೆ ಉಸಿರೇ ಸಿಗ್ಲಿಲ್ಲ. ಈಗ ಐಸಿಯುನಲ್ಲಿದ್ದಾರೆ. ನನ್ನ ಕೈಯಾರೆ ಕೊಟ್ಟೆನಲ್ಲ ಸಾರ್.”

ಎಫ್‌ಐಆರ್ ದಾಖಲಾಯಿತು. ಇನ್ಸ್‌ಪೆಕ್ಟರ್ ಪೊಟ್ಟಣ ಬಿಚ್ಚಿ ಮೂಸಿದರು. ಗೀರಿದ ಬೆಂಕಿಕಡ್ಡಿಯ ನಾತ.

ಆ ಮೊಹರು ಒತ್ತಿದ ಗೋದಾಮಿನ ಮಾಲೀಕನಿಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದಿರುವುದೇ ಅವನ ಕಸುಬು. ಕೈ ಮುಗಿದು ತನ್ನ ಹೂವಿನ ಪರೀಕ್ಷಕನನ್ನು ಮುಂದೆ ತಳ್ಳಿದ. ಪೇಟೆಯವರು ‘ಮೂಗಿನ ಸಾಹೇಬ’ ಎಂದು ಕರೆಯುತ್ತಿದ್ದ ಆಸಾಮಿ. ಇಸ್ತ್ರಿ ಅಂಗಿ, ಮುಂದೆ ಬಿಳಿ ತಟ್ಟೆ, ಪೊಲೀಸರೆಂದರೆ ಕಾಲಿಗೆ ಮೆತ್ತಿದ ಕೆಸರು ಎಂಬಂಥ ನೋಟ.

“ಅರಳದ ಮೊಗ್ಗು ಮೊದಲ ದರ್ಜೆ. ಅರಳಿದ್ದು ಎರಡನೇದು. ಎಲೆ, ಕಡ್ಡಿ ಸೇರಿದ್ರೆ ಮೂರನೇದು. ಬಣ್ಣ ಯಾರು ಬೇಕಾದ್ರೂ ನೋಡ್ತಾರೆ. ನಿಜ ಹೇಳೋದು ಮೂಗು. ನಿಮಗೆ ಇದೆಲ್ಲ ಅರ್ಥ ಆಗೋದು ಕಷ್ಟ ಬಿಡಿ.”

ಹಿಂದಿನ ಒಣಗಿಸುವ ಕೋಣೆಯಲ್ಲಿ ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ಕಬ್ಬಿಣದ ಬಾಣಲೆ, ಅದರಲ್ಲಿ ಅರ್ಧ ಉರಿದ ಗಂಧಕ. ಕಾನ್‌ಸ್ಟೆಬಲ್ ನಾತ ತಡೆಯಲಾಗದೆ ಹೊರಗೋಡಿದ. ಪಂಚರಿಬ್ಬರೂ ಮೂಗಿಗೆ ಕರವಸ್ತ್ರ ಹಿಡಿದರು.

“ಯಾರು ಹಾಕಿದ್ದು?”

“ಸಾಹೇಬರೇ ಹೇಳಿದ್ದು ಸಾರ್,” ಎಂದ ಒಣಗಿಸುವವನು. “ಒಂದು ವರ್ಷದಿಂದ ಎಲ್ಲ ಮಾಲಿಗೂ ಹೊಗೆ ಕೊಡಿಸ್ತಿದ್ದಾರೆ.”

“ಶುದ್ಧ ಸುಳ್ಳು! ಇವನು ಕದ್ದು ಹಾಕಿದಾನೆ. ನನಗೆ ಗೊತ್ತಾಗಿದ್ರೆ ಮೊಹರು ಒತ್ತುತ್ತಿದ್ದೆನಾ?”

ಬಾಣಲೆಯ ಪಕ್ಕದಲ್ಲೇ ನಿಂತು, ಮೂಗಿಗೆ ಕರವಸ್ತ್ರವನ್ನೂ ಹಿಡಿಯದೆ ಸಾಹೇಬ ಕಿರುಚುತ್ತಿದ್ದ. ಇನ್ಸ್‌ಪೆಕ್ಟರ್ ಅದನ್ನು ಗಮನಿಸಿದರು.

ಸಂಜೆ ಅವರು ಸಾಹೇಬನ ಮನೆಗೆ ಹೋದರು. ಹೆಂಡತಿ ಒಬ್ಬಳೇ ಇದ್ದಳು.

“ಇತ್ತೀಚೆಗೆ ಯಜಮಾನರಿಗೆ ಹುಷಾರಿರಲಿಲ್ವಾ?”

“ಹೋದ ವರ್ಷ ಜೋರು ಜ್ವರ ಬಂದಿತ್ತು. ಆಮೇಲಿಂದ ಏನೋ ಒಂಥರಾ. ಮೊನ್ನೆ ಹಾಲು ಸೀದು ಮನೆಯೆಲ್ಲಾ ನಾತ. ಒಲೆ ಪಕ್ಕದಲ್ಲೇ ಪೇಪರ್ ಓದ್ತಾ ಕೂತಿದ್ರು. ಬೈದ್ರೆ, ನೆಗಡಿ ಅಂದ್ರು.”

ಮರುದಿನ ಠಾಣೆಯಲ್ಲಿ ಸಾಹೇಬನ ಮುಂದೆ ಒಂದು ತಟ್ಟೆ ಇಟ್ಟರು. ಬೇರೆ ಅಂಗಡಿಯಿಂದ ತಂದ ಒಳ್ಳೆಯ ಮೊಗ್ಗು. ಆದರೆ ಕಾನ್‌ಸ್ಟೆಬಲ್ ಅದನ್ನು ಹಿಂದಿನ ದಿನವೇ ನುಸಿಗುಳಿಗೆ ಹಾಕಿದ ಡಬ್ಬಿಯಲ್ಲಿ ಮುಚ್ಚಿಟ್ಟಿದ್ದ. ಮುಚ್ಚಳ ತೆಗೆದೊಡನೆ ಹಳೇ ಬಟ್ಟೆಪೆಟ್ಟಿಗೆಯ ನಾತ ಠಾಣೆಯೆಲ್ಲ ಹರಡಿತು.

“ಸ್ವಲ್ಪ ನೋಡಿ ಹೇಳಿ ಸಾಹೇಬ್ರೆ.”

ಸಾಹೇಬ ತಟ್ಟೆಯನ್ನು ಎತ್ತಿ, ಕಣ್ಣು ಮುಚ್ಚಿ, ಎದೆ ತುಂಬ ಉಸಿರೆಳೆದುಕೊಂಡ. “ಆಹಾ! ಜೇನಿನ ಘಮ. ಅನುಮಾನವೇ ಇಲ್ಲ, ಮೊದಲ ದರ್ಜೆ.”

ಕಾನ್‌ಸ್ಟೆಬಲ್‌ಗೆ ನಗು ತಡೆಯಲಾಗಲಿಲ್ಲ. ಸಾಹೇಬ ಕಣ್ಣು ಬಿಟ್ಟು ಸುತ್ತ ನೋಡಿದ. ಎಲ್ಲರೂ ಮೂಗು ಮುಚ್ಚಿಕೊಂಡಿದ್ದರು.

ಆಮೇಲೆ ಎಲ್ಲ ಹೊರಬಂತು. ಜ್ವರ ಮೂಗನ್ನು ಕೊಂದಿತ್ತು. ಬೂಷ್ಟು ಹಿಡಿದ ಮಾಲಿಗೆ ಒಮ್ಮೆ ಮೊದಲ ದರ್ಜೆ ಕೊಟ್ಟು ಪೇಟೆಯಲ್ಲಿ ಮುಖಭಂಗವಾಯಿತು. ಗಂಧಕದ ಹೊಗೆ ಕೊಟ್ಟರೆ ಬೂಷ್ಟು ಹತ್ತುವುದಿಲ್ಲ, ಮೊಗ್ಗೆಲ್ಲ ಒಂದೇ ಬಣ್ಣಕ್ಕೆ ತಿರುಗುತ್ತದೆ. ಮತ್ತೆ ಮೂಗಿನ ಹಂಗಿಲ್ಲ. ಅದಕ್ಕಾಗಿ ಊರಿನ ಗಂಟಲಿಗೆಲ್ಲ ಗಂಧಕ ಸುರಿದಿದ್ದ.

ಹೇಳಿಕೆ ಬರೆಯುತ್ತಿರುವಾಗಲೇ ಆಸ್ಪತ್ರೆಯಿಂದ ಫೋನ್ ಬಂತು. ದೂರು ಕೊಟ್ಟವಳ ತಾಯಿ ತೀರಿಕೊಂಡಿದ್ದರು. ಇನ್ಸ್‌ಪೆಕ್ಟರ್ ಅದನ್ನು ಗಟ್ಟಿಯಾಗಿಯೇ ಹೇಳಿದರು.

ಸಾಹೇಬ ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡ. ಆಮೇಲೆ ಮೆಲ್ಲಗೆ ಕೇಳಿದ: “ಸಾರ್, ಗಂಧಕ ಹಾಕಿಸಿದ್ದು ನಾನೇ ಅಂತ ಬರ್ಕೊಳ್ಳಿ. ದುರಾಸೆಗೆ ಅಂತಾನೂ ಬರ್ಕೊಳ್ಳಿ. ಮೂಗಿನ ವಿಷಯ ಮಾತ್ರ ಬೇಡ. ಪೇಟೇಲಿ ತಲೆ ಎತ್ತೋಕಾಗಲ್ಲ.”

ಇನ್ಸ್‌ಪೆಕ್ಟರ್ ಬರೆದಿದ್ದ ಹಾಳೆಯನ್ನು ಹರಿದು ಹಾಕಿದರು. ಹೊಸ ಹಾಳೆ ತೆಗೆದುಕೊಂಡು ಮೊದಲ ಸಾಲಿನಲ್ಲೇ ಬರೆದರು: ನನಗೆ ವಾಸನೆ ತಿಳಿಯುವುದಿಲ್ಲ.

ಮಧ್ಯಾಹ್ನ ಹನ್ನೆರಡೂವರೆಗೆ ದಸ್ತಗಿರಿಯಾಯಿತು. ಆ ಠಾಣೆಯ ಲಾಕಪ್ ಪಾಯಿಖಾನೆಯ ಗೋಡೆಗೆ ಅಂಟಿಕೊಂಡೇ ಇದೆ. ಎಂಥ ಕಳ್ಳನೂ ಒಳಗೆ ಹೋದೊಡನೆ ಬೇರೆ ಕಡೆ ಹಾಕಿ ಎಂದು ಗೋಗರೆಯುತ್ತಾನೆ. ಸಾಹೇಬ ಇಸ್ತ್ರಿ ಅಂಗಿಯನ್ನು ಸರಿಮಾಡಿಕೊಂಡು, ಆ ಗೋಡೆಗೇ ಒರಗಿ ಕೂತ.